ಏರಿಗೆ ಬೇಕಾದ ಕಿವಿಗಳು

ಅಂದು ಬೆಳಗಿನ ಮಂಜು ಆಗತಾನೆ ಕರಗಿ, ಬೆಟ್ಟದ ಮೇಲೆ ಎಳೆಬಿಸಿಲು ಬಿದ್ದಿತ್ತು. ಜಾಹೀರಾತು ಬಸ್ಸು ಅರ್ಧ ಏರಿನಲ್ಲೇ ನಿಂತುಬಿಟ್ಟಿತು. ಟಿಕೆಟ್ಟಿಲ್ಲದ ಬಸ್ಸು, ಜನ ಜಾಹೀರಾತು ಕೇಳಿದಷ್ಟೂ ಓಡುತ್ತದೆ. ಬಯಲಲ್ಲಿ ನಾಲ್ಕು ಕಿವಿ ಸಾಕು, ಏರಿಗೆ ಎಲ್ಲರದೂ ಬೇಕು.

“ಯಾರೋ ಕಿವಿ ಮುಚ್ಚವ್ರೆ,” ಎಂದು ಡ್ರೈವರ್ ಮಲ್ಲಣ್ಣ ಹಿಂದಕ್ಕೆ ತಿರುಗಿದ.

ಪುಟ್ಟಗೌರಮ್ಮ ಜಾಹೀರಾತು ತಡೆಯುವ ಓಲೆ ಹಾಕಿಕೊಂಡು ಜಪಮಣಿ ಎಣಿಸುತ್ತಿದ್ದರು. ಬೆಟ್ಟದಾಚೆಯ ಆಸ್ಪತ್ರೆಯಲ್ಲಿ ಅವರ ತಂಗಿಗೆ ಇಂದು ಆಪರೇಷನ್. ಒಳಗೆ ಕರೆದೊಯ್ಯುವ ಮುನ್ನ ಮುಖ ನೋಡಬೇಕು. ಅಷ್ಟರಲ್ಲಿ ಅವಳಿಗಾಗಿ ಹಿಡಿದ ಶಿವನ ಜಪವೂ ಮುಗಿಯಬೇಕು.

“ಓಲೆ ಬಿಚ್ಚವ್ವ.”

“ಒಂದ್ಸಲ ಬಿಚ್ಚಿದ್ರೆ ಇದು ನಾಳೆಗಂಟ ಕೆಲಸ ಮಾಡಲ್ಲ. ಶಿವನ ಹೆಸರಿನ ಮಧ್ಯೆ ಸೋಪಿನ ಹೆಸರು ಬತ್ತದಲ್ಲಪ್ಪ.”

“ನಾನು ಓಲೆನೇ ಕೊಂಡಿಲ್ಲ,” ಎಂದರು ಪಕ್ಕದ ದೊಡ್ಡಯ್ಯ. “ಮನೇಲಿ ಯಾರೂ ಮಾತಾಡ್ಸಲ್ಲ, ಸೋಪಾದ್ರೂ ಮಾತಾಡ್ಸ್ತದೆ.”

“ಶಿವ ಎಲ್ಲೂ ಹೋಗಾಕಿಲ್ಲ ಕಣವ್ವ,” ಎಂದ ಮಲ್ಲಣ್ಣ. “ಈ ಬಸ್ಸೂ ಹೋಗಾಕಿಲ್ಲ.”

ಪುಟ್ಟಗೌರಮ್ಮ ತಂಗಿಯ ಮುಖ ನೆನೆದು ಓಲೆ ಬಿಚ್ಚಿದರು. ಹಪ್ಪಳ, ಸೋಪು, ಸೊಳ್ಳೆಬತ್ತಿ ಸರದಿಯಲ್ಲಿ ಕೂಗಿದವು. ನಾಮ ಮತ್ತೆ ಮತ್ತೆ ತಪ್ಪಿತು. ಕೊನೆಗೆ ಅವರು ಮಾಲೆಯನ್ನು ಮಡಿಲಲ್ಲಿಟ್ಟು, ನೆಂಟರ ಮಾತು ಕೇಳುವವರಂತೆ ಸುಮ್ಮನೆ ಕೇಳಿದರು. ಬಸ್ಸು ಕೆಮ್ಮುತ್ತ ನೆತ್ತಿ ತಲುಪಿತು.

ಮುಂದೆಲ್ಲ ಇಳಿಜಾರು. ಅಲ್ಲಿ ಕೇಳಿಸಿದ ಜಾಹೀರಾತಿನ ಬಲವನ್ನು ಸಂಜೆಯ ಏರಿಗೆಂದು ಕೂಡಿಡುವುದು ಎಲ್ಲ ಡ್ರೈವರುಗಳ ವಾಡಿಕೆ. ಮಲ್ಲಣ್ಣ ಕೈಚಾಚಿ ಗುಂಡಿ ಒತ್ತಿ ಜಾಹೀರಾತಿನ ದನಿ ನಿಲ್ಲಿಸಿದ. ಬಸ್ಸು ತಾನಾಗಿ ಉರುಳತೊಡಗಿತು. ಕಿಟಕಿಯ ಗಾಳಿಯೊಂದೇ ಕೇಳುತ್ತಿತ್ತು.

ಪುಟ್ಟಗೌರಮ್ಮ ಮಾಲೆ ಎತ್ತಿಕೊಂಡು ಮೊದಲ ಮಣಿ ಹಿಡಿದರು.