ಬಾಯಿ ಬಿಡದ ಡ್ರೈವ್

ತಂಗಿ ಕಂಪ್ಯೂಟರ್ ಒರೆಸುತ್ತಿದ್ದಳು. ಸಿಪಿಯು ಪೆಟ್ಟಿಗೆಯ ಮೇಲೆ ಒರೆಸಿದಳು, ಪಕ್ಕ ಒರೆಸಿದಳು, ಹಿಂದಿನ ವೈರುಗಳ ಧೂಳು ತೆಗೆದಳು. ಮುಂದೆ, ಡಿಸ್ಕ್ ಇಡುವ ತಟ್ಟೆಯ ಅಂಚಿಗೆ ಬಂದಾಗ ಬಟ್ಟೆ ನಿಂತಿತು. ಅಲ್ಲಿ ಒಂದೆರಡು ಸಲ ಊದಿ, ಬಟ್ಟೆ ಮಡಚಿಟ್ಟಳು. ಇಷ್ಟು ಹೊತ್ತೂ ಒಂದು ಮಾತಿಲ್ಲ. ಅವಳು ಮಾತಾಡದಿರುವುದು ಆ ಮನೆಯಲ್ಲಿ ಹೊಸದಲ್ಲವಾದ್ದರಿಂದ ಯಾರೂ ಗಮನಿಸಲಿಲ್ಲ.

ಅಪ್ಪ ಬಂದು ಗುಂಡಿ ಒತ್ತಿದ. ಒಳಗೆ ಗುಂಯ್ ಎಂದಿತು. ತಟ್ಟೆ ಹೊರಗೆ ಬರಲಿಲ್ಲ.

“ಡ್ರೈವ್ ತೆರೀತಾ ಇಲ್ಲ,” ಅಂದ. ಸ್ವಲ್ಪ ತಡೆದು, “ಡ್ರೈವ್ ತೆರೀತಾ ಇಲ್ಲ,” ಅಂದ. ಮೂರನೇ ಸಲವೂ ಅಂದ.

ಅವನದು ತಪ್ಪಲ್ಲ. ಮೂವತ್ತು ವರ್ಷ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿಂದ ಹೊರಡುತ್ತದೆಂದು ಹೇಳಿದವನು. ಹೇಳಿದ್ದನ್ನು ಮೂರು ಸಲ ಹೇಳಬೇಕೆಂಬುದು ಅಲ್ಲಿನ ನಿಯಮ. ನಿವೃತ್ತಿಯಾದಾಗ ನಿಲ್ದಾಣ ಅವನನ್ನು ಬಿಟ್ಟಿತು, ಅವನು ನಿಯಮವನ್ನು ಬಿಡಲಿಲ್ಲ.

ಅವನ ತೋರುಬೆರಳಿಗೆ ಸಿಕ್ಕಿಸಿಕೊಂಡಿದ್ದ ಡಿಸ್ಕಿನಲ್ಲಿ ಅವನದೇ ದನಿಯಲ್ಲಿ ಮನೆತನದ ಪರಿಚಯವಿತ್ತು. ಮುತ್ತಾತನಿಂದ ಹಿಡಿದು ಅಕ್ಕನವರೆಗೆ, ಒಬ್ಬೊಬ್ಬರದೂ ಮೂರು ಮೂರು ಸಲ. ಒಟ್ಟು ಒಂದು ಗಂಟೆ ಹದಿನೈದು ನಿಮಿಷ. ಬಾಯಲ್ಲೇ ಹೇಳೋಣವೆಂದರೆ, ಎದುರಿಗೆ ಜನರ ಮುಖ ಕಂಡರೆ ಅವನ ನಾಲಿಗೆ ತೊಡರುತ್ತದೆ; ಮೂವತ್ತು ವರ್ಷವೂ ಗೋಡೆ ನೋಡಿ ಮಾತಾಡಿದವನು.

ಐದು ಗಂಟೆಗೆ ಅಕ್ಕ ಮೆಚ್ಚಿದ ಹುಡುಗನ ಮನೆಯವರು ಮೊದಲ ಸಲ ಬರುವವರಿದ್ದರು. ಅವರನ್ನು ಕೂರಿಸಿ ಇದನ್ನು ಕೇಳಿಸಬೇಕೆಂಬುದು ಅಪ್ಪನ ಆಸೆ. ಹೋದ ವರ್ಷವೂ ಅಕ್ಕನಿಗೆ ಒಂದು ಸಂಬಂಧ ಕೂಡಿಬಂದಿತ್ತು. ಆಗ ಡ್ರೈವ್ ಚೆನ್ನಾಗಿತ್ತು. ಆ ಮನೆಯವರು ಮುತ್ತಾತನ ಎರಡನೇ ತಮ್ಮನವರೆಗೆ ಕೇಳಿ ಚಪ್ಪಲಿ ಹುಡುಕತೊಡಗಿದರು, ಮತ್ತೆ ಇತ್ತ ತಲೆ ಹಾಕಲಿಲ್ಲ. ಈ ಸಲವೂ ಹಾಗಾದರೆ ತಾನು ಮದುವೆಯ ಮಾತೇ ಎತ್ತುವುದಿಲ್ಲವೆಂದು ಅಕ್ಕ ಹೇಳಿಬಿಟ್ಟಿದ್ದಳು.

ಬೆಳಿಗ್ಗೆ ಹುಡುಗ ಅವಳಿಗೆ ಫೋನ್ ಮಾಡಿ, ನಿಮ್ಮ ಮನೆಯ ಕಂಪ್ಯೂಟರಿನಲ್ಲಿ ಡಿಸ್ಕ್ ಓಡುತ್ತದೆಯೇ ಎಂದು ಕೇಳಿದ್ದ. ಓಡುತ್ತದೆ ಅಂದಳು. ಅವನು ಅದನ್ನೇ ಇನ್ನೊಮ್ಮೆ ಕೇಳಿ ಫೋನ್ ಇಟ್ಟ. ಅಪ್ಪನ ಕೀರ್ತಿ ಅಲ್ಲಿಯವರೆಗೂ ಮುಟ್ಟಿದೆಯೆಂದು ಅವಳು ಅಂದುಕೊಂಡಳು.

ಆದರೂ ಡ್ರೈವ್ ಕೆಟ್ಟಿತೆಂದಾಗ ಎಲ್ಲರೂ ಓಡಿಬಂದರು. ಗುಂಡಿಯ ಪಕ್ಕದಲ್ಲೊಂದು ಸಣ್ಣ ತೂತಿದೆ, ಅದಕ್ಕೆ ಚುಚ್ಚಿದರೆ ತಟ್ಟೆ ಹೊರಗೆ ಬರುತ್ತದಂತೆ ಎಂದು ಅಮ್ಮ ಹಲ್ಲುಕಡ್ಡಿ ತಂದು ಚುಚ್ಚಿದಳು. ಕಡ್ಡಿ ಒಳಗೇ ಮುರಿಯಿತು. ವೈರು ಸಡಿಲವಾಗಿರಬೇಕೆಂದು ಅಕ್ಕ ಪಕ್ಕದ ಮುಚ್ಚಳ ಬಿಚ್ಚಿ ಕೈ ಹಾಕಿದಳು. ಆಮೇಲೆ ಗುಂಯ್ ಎನ್ನುವುದೂ ನಿಂತಿತು. ತಂಗಿ ಟಾರ್ಚ್ ಹಿಡಿದು ನಿಂತಳು. ಅಪ್ಪನ ಕಣ್ಣು ತುಂಬಿತು. ತನ್ನ ಡಿಸ್ಕಿನ ಬಗ್ಗೆ ಮನೆಯವರಿಗೆ ಇಷ್ಟೊಂದು ಕಾಳಜಿ ಇದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ.

ಮೂರೂವರೆಗೆ ಬೀದಿ ಕೊನೆಯ ರಿಪೇರಿಯವನು ಬಂದ. ಬಗ್ಗಿ ನೋಡಿದ, ಮೂಸಿ ನೋಡಿದ. ಅಪ್ಪ ನೀರು ತರಲು ಒಳಗೆ ಹೋದಾಗ ಉಳಿದ ಮೂವರನ್ನು ಒಬ್ಬೊಬ್ಬರಾಗಿ ದಿಟ್ಟಿಸಿದ.

“ವೈರು ಕಿತ್ತಿದೆ, ತೂತಲ್ಲಿ ಕಡ್ಡಿ ಮುರಿದಿದೆ, ತಟ್ಟೆಗೆ ಗೋಂದು ಬಳಿದಿದೆ. ಯಾವುದು ಯಾರದು?”

ಅಮ್ಮ ಗಡಿಯಾರ ನೋಡಿದಳು. ಅಕ್ಕ ಉಗುರು ನೋಡಿಕೊಂಡಳು.

“ಗೋಂದು ಮಾತ್ರ ನಂದು,” ಅಂದಳು ತಂಗಿ. ಬೆಳಿಗ್ಗೆಯಿಂದ ಅವಳು ಆಡಿದ ಮೊದಲ ಮಾತು ಅದು.

ಅಂಥದ್ದೇನಿದೆ ಆ ಡಿಸ್ಕಿನಲ್ಲಿ ಎಂದು ಅವನು ಕೇಳುವುದರಲ್ಲಿದ್ದ. ಅಷ್ಟರಲ್ಲಿ ಅಪ್ಪ ಒಳಗಿನಿಂದ, ನೀರು ತಣ್ಣಗಿರಲೋ ಬೆಚ್ಚಗಿರಲೋ ಎಂದು ಮೂರು ಸಲ ಕೂಗಿ ಕೇಳಿದ. ರಿಪೇರಿಯವನ ಮುಖ ಬದಲಾಯಿತು. ಹನ್ನೆರಡು ವರ್ಷ ಅದೇ ನಿಲ್ದಾಣದಲ್ಲಿ ಬಸ್ಸು ಕಾದವನು ಅವನು. ಇದಕ್ಕೆ ಹೊಸ ಡ್ರೈವೇ ಆಗಬೇಕು, ಸೋಮವಾರಕ್ಕೆ ಮುಂಚೆ ಸಿಗುವುದಿಲ್ಲ ಎಂದು ಹೇಳಿ, ನೀರನ್ನೂ ಕುಡಿಯದೆ ಹೊರಟ.

ಐದಕ್ಕೆ ಅವರು ಬಂದರು. ಹುಡುಗ, ಅವನ ಅಮ್ಮ, ಅವನ ಅಪ್ಪ. ಹುಡುಗನ ಅಪ್ಪ, ಅಂದರೆ ಬೀಗರಾಗಬೇಕಾದವರು, ಮೃದು ಮಾತಿನ, ದಪ್ಪ ಮೈಯವರು. ತೊಡೆಯ ಮೇಲಿನ ಚೀಲವನ್ನು ಕೆಳಗಿಡಲೊಲ್ಲರು. ಟೀ ಬಂತು, ಬಿಸ್ಕತ್ತು ಬಂತು. ಮಾತು ಹದವಾಗಿ ಸಾಗಿತು. ಹುಡುಗನ ಅಮ್ಮ ಅಕ್ಕನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಆರರ ಹೊತ್ತಿಗೆ ದಿನ ಗೊತ್ತುಮಾಡುವುದೊಂದು ಬಾಕಿ ಉಳಿದಿತ್ತು.

ಅಪ್ಪನಿಗೆ ತಡೆಯಲಾಗಲಿಲ್ಲ. ನಿಮಗೊಂದು ಡಿಸ್ಕ್ ಕೇಳಿಸಬೇಕೆಂದಿದ್ದೆ, ಡ್ರೈವ್ ಕೆಟ್ಟುಹೋಯಿತು ಎಂದು ತಡವರಿಸುತ್ತ ಹೇಳಿದ. ಮೂರು ಸಲ ಹೇಳಿದ.

ಹುಡುಗ ತಟ್ಟನೆ ತಲೆಯೆತ್ತಿ ಅಕ್ಕನನ್ನು ನೋಡಿದ. ಕಾಲಿಗೆ ಬೀಳುವುದೊಂದು ಬಾಕಿ, ಅಷ್ಟು ಕೃತಜ್ಞತೆ ಆ ಮುಖದಲ್ಲಿ. ಯಾಕೆಂದು ಅವಳಿಗೆ ಹೊಳೆಯುವ ಮೊದಲೇ ಬೀಗರು ನಕ್ಕರು.

“ನನಗೆ ಗೊತ್ತಿತ್ತು ಬಿಡಿ. ನಾನು ಯಾರ ಮನೆಗೆ ಹೋದರೂ ಅವತ್ತೇ ಅವರ ಡ್ರೈವ್ ಕೆಟ್ಟಿರುತ್ತೆ. ನಮ್ಮ ಮನೇದೇ ಕೆಟ್ಟು ಎರಡು ವರ್ಷ ಆಯ್ತು. ಅದಕ್ಕೇ ಈ ಸಲ ಹೊಸದು ತಗೊಂಡು ಕೈಯಲ್ಲೇ ಹಿಡ್ಕೊಂಡು ಬಂದಿದೀನಿ.”

ಚೀಲದಿಂದ ಪುಟ್ಟ ಪರದೆಯ ಡಿಸ್ಕ್ ಪ್ಲೇಯರ್ ಹೊರಬಂತು. ಅದರ ಹಿಂದೆ, ಆಸ್ಪತ್ರೆಯ ಮೊಹರು ಬಿದ್ದ ಒಂದು ಡಿಸ್ಕ್. ಹುಡುಗನ ಅಮ್ಮ ಕಣ್ಣು ಮುಚ್ಚಿಕೊಂಡರು.

“ನಿಮ್ಮದನ್ನ ಆಮೇಲೆ ಕೇಳೋಣ. ಮೊದಲು ನನ್ನ ಪಿತ್ತಕೋಶದ ಆಪರೇಷನ್ ನೋಡಿಬಿಡಿ. ಎರಡೂವರೆ ಗಂಟೆ, ಒಂದು ನಿಮಿಷಾನೂ ಬಿಟ್ಟಿಲ್ಲ.”

ಅವರು ವೈರಿನ ಸುರುಳಿ ಬಿಚ್ಚಿ ಗೋಡೆಯ ಉದ್ದಕ್ಕೂ ಕಣ್ಣಾಡಿಸಿದರು. ತಂಗಿ ಸದ್ದಿಲ್ಲದೆ ಕುರ್ಚಿಯನ್ನು ಅರ್ಧ ಅಡಿ ಹಿಂದಕ್ಕೆಳೆದು, ಗೋಡೆಗೆ ಬೆನ್ನು ಒತ್ತಿ ಕೂತಳು.

“ಪ್ಲಗ್ ಪಾಯಿಂಟ್ ಎಲ್ಲಿದೆ, ಯಾರಾದರೂ ಸ್ವಲ್ಪ ತೋರಿಸಿ,” ಅಂದರು ಬೀಗರು.

ಅಪ್ಪ ಕೂಡ ತುಟಿ ಪಿಟಕ್ಕೆನ್ನಲಿಲ್ಲ.