ಏಳುವ ಪಾಠ

ಸೊಸೆ ಕೋಣೆಯ ಬಾಗಿಲು ತೆರೆದಳು. ಅತ್ತೆ ನೆಲದ ಮೇಲೆ ಬಿದ್ದುಕೊಂಡಿದ್ದಳು. "ಅಯ್ಯೋ!" ಎಂದು ಓಡಿಬಂದವಳನ್ನು, ಪಕ್ಕದಲ್ಲೇ ಮಲಗಿದ್ದ ಫಿಸಿಯೋಥೆರಪಿಸ್ಟ್ ಹುಡುಗಿ ಕೈ ಅಡ್ಡ ಹಿಡಿದು ತಡೆದಳು. "ಮುಟ್ಟಬೇಡಿ. ಅಜ್ಜಿ ಬಿದ್ದಿಲ್ಲ, ಏಳೋದು ಕಲೀತಿದ್ದಾರೆ."

ಮುರಿದ ಸೊಂಟದ ಮೂಳೆ ಕೂಡಿ ತಿಂಗಳುಗಳಾದರೂ, ಮತ್ತೆ ಬಿದ್ದರೆ ಏಳುವುದು ಹೇಗೆಂಬ ಹೆದರಿಕೆಗೆ ಅಜ್ಜಿ ಮಂಚ ಬಿಟ್ಟು ಇಳಿಯುತ್ತಿರಲಿಲ್ಲ. "ಹಾಗಾದ್ರೆ ಅದನ್ನೇ ಕಲಿಯೋಣ" ಎಂದು ಇವತ್ತು ಈ ಹುಡುಗಿ ಮೊದಲು ತಾನೇ ನೆಲದಲ್ಲಿ ಮಲಗಿ, ಎದ್ದು ತೋರಿಸಿದ್ದಳು.

ಅಜ್ಜಿ ಮಗ್ಗುಲಾಗಿ ಮೊಣಕೈ ಊರಿದಳು. ಕೂಸಿನಂತೆ ಅಂಬೆಗಾಲಿಟ್ಟು ಕುರ್ಚಿಯವರೆಗೆ ಹೋದಳು. ಅದನ್ನು ಹಿಡಿದು, ಗಟ್ಟಿಯಿದ್ದ ಕಾಲನ್ನು ಮುಂದಿಟ್ಟಾಗ ತೋಳು ಗಡಗಡ ನಡುಗಿತು. ಸೊಸೆ ಚಾಚಿದ ಕೈಗಳನ್ನು ಬಲವಂತವಾಗಿ ಬೆನ್ನ ಹಿಂದೆ ಕಟ್ಟಿಕೊಂಡಳು.

"ನಿಧಾನ ಅಜ್ಜಿ, ಅವಸರ ಏನಿಲ್ಲ," ಎಂದಳು ಹುಡುಗಿ.

"ನಿನಗಿಲ್ಲಮ್ಮ, ನನ್ನ ಮಂಡಿಗಿದೆ," ಎನ್ನುತ್ತಲೇ ಅಜ್ಜಿ ಎದ್ದು ನಿಂತೇಬಿಟ್ಟಳು.

ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಜ್ಜಿ ಏದುಸಿರು ಬಿಡುತ್ತಾ, ಕೆದರಿದ ಕೂದಲನ್ನು ಹಿಂದಕ್ಕೆ ತಳ್ಳಿಕೊಂಡು ಸೊಸೆಯ ಕಡೆ ತಿರುಗಿದಳು. "ಅಳೋದು ಆಮೇಲೆ. ಹೋಗಿ ನಿನ್ನ ಗಂಡನನ್ನೂ ಕರ್ಕೊಂಡು ಬಾ. ಇನ್ನೊಂದು ಸಲ ಬೀಳ್ತೀನಿ."