ಆರನೇ ಹಲ್ಲು

"ಇದು ನಮ್ಮನೆಯವರು ಮಾಡಿದ್ದು. ಈ ದುಂಡು ಬೆನ್ನು ನೋಡಿದ್ರೇ ಗೊತ್ತಾಗುತ್ತೆ," ಎಂದು ದರ್ಜಿಯಮ್ಮ ಮೇಜಿನ ಮೇಲಿದ್ದ ಮ್ಯಾಂಡೊಲಿನ್ ಕಡೆ ಬೆರಳು ಚಾಚಿದಳು. ಪಕ್ಕದ ಕಾರ್ಡಿನಲ್ಲಿ ಮಾತ್ರ 'ತಯಾರಿಸಿದವರು: ತಿಳಿದಿಲ್ಲ' ಎಂದಿತ್ತು.

ಸಂಗ್ರಹಾಲಯದ ಅಧಿಕಾರಿ ಒಳ್ಳೆಯ ಹುಡುಗನೇ. ಆದರೆ ಪತ್ರಿಕೆಯಲ್ಲಿ ಈ ವಾದ್ಯದ ಫೋಟೋ ಬಂದಾಗಿನಿಂದ ಇಂಥ 'ನಮ್ಮನೆಯವರು' ನಾಲ್ಕು ಜನ ಬಂದು ಹೋಗಿದ್ದರು. "ನೋಡಿ ಅಮ್ಮಾ, ನಾಳೆ ಇಲ್ಲಿನ ವಾದ್ಯಗಳ ಪುಸ್ತಕ ಅಚ್ಚಿಗೆ ಹೋಗುತ್ತೆ. ಇವತ್ತು ಸಾಕ್ಷಿ ಸಿಕ್ಕಿದ್ರೆ ಹೆಸರು ಹಾಕ್ತೀನಿ. ಇಲ್ಲದಿದ್ರೆ 'ತಿಳಿದಿಲ್ಲ' ಅಂತಲೇ ಉಳಿಯುತ್ತೆ. ಒಂದು ಚೀಟಿ, ಹಳೇ ಫೋಟೋ, ಏನಾದ್ರೂ ಇದ್ಯಾ?"

ಏನೂ ಇರಲಿಲ್ಲ. ಗಂಡ ಹಗಲೆಲ್ಲ ಆಸ್ಪತ್ರೆಯಲ್ಲಿ ಲಿಫ್ಟ್ ನಡೆಸುತ್ತಿದ್ದವನು. ಸಂಜೆ ಅವಳ ಹೊಲಿಗೆ ಕೋಣೆಯ ಮೂಲೆಯಲ್ಲಿ ಕೂತು, ತೆಳು ಮರದ ಪಟ್ಟಿಗಳನ್ನು ಬಿಸಿ ಕೊಳವೆಗೆ ಒತ್ತಿ ಬಗ್ಗಿಸುತ್ತಿದ್ದ. ಜೀವಮಾನದಲ್ಲಿ ಮಾಡಿದ್ದು ಹನ್ನೊಂದು ವಾದ್ಯ. ಒಂದರ ಮೇಲೂ ಹೆಸರು ಹಾಕಲಿಲ್ಲ, ಕೇಳಿದರೆ, "ಹೆಸರು ಹಾಕಿದ್ರೆ ನಾದ ಜಾಸ್ತಿಯಾಗುತ್ತಾ?" ಎನ್ನುವ ಆಸಾಮಿ. ಬೀದಿಯವರು ಅವನಿಗೆ 'ಕುಂಬಳಕಾಯಿ ಮೇಸ್ತ್ರಿ' ಎಂದು ಹೆಸರಿಟ್ಟಾಗ ಎಲ್ಲರಿಗಿಂತ ಜೋರಾಗಿ ನಕ್ಕವಳು ಇವಳೇ. ಅವನು ಹೋಗಿ ನಾಲ್ಕು ವರ್ಷವಾಗಿತ್ತು. ಅಂದು ನಕ್ಕಿದ್ದು ಅವಳಿಗೆ ಈಗ ಚುಚ್ಚುತ್ತಿತ್ತು.

"ಸಾಕು, ಬಾಮ್ಮ ಹೋಗೋಣ," ಎಂದು ಮಗಳು ತೋಳು ಹಿಡಿದಳು.

"ನೀನು ಸುಮ್ನಿರೇ. ನಿಮ್ಮಪ್ಪನ ಹೆಸರು ಹಾಕಿಸದೆ ನಾನು ಇಲ್ಲಿಂದ ಕದಲೋಳಲ್ಲ."

ಅಧಿಕಾರಿಗೆ ಪಾಪ ಅನ್ನಿಸಿತು. ಹಲ್ಲಿನ ಡಾಕ್ಟರ್ ಬಳಸುವಂಥ ಪುಟ್ಟ ಕನ್ನಡಿಯೊಂದನ್ನು ವಾದ್ಯದ ಬಾಯೊಳಗೆ ಇಳಿಸಿ ಟಾರ್ಚ್ ಬಿಟ್ಟ. "ನೀವೇ ನೋಡಿ. ಒಳಗೆ ಒಂದಕ್ಷರ ಇಲ್ಲ. ಮರದ ಸಂದು ಬಿಡದೆ ಇರಲಿ ಅಂತ ಬಟ್ಟೆ ಚೂರು ಅಂಟಿಸಿದ್ದಾರೆ, ಅಷ್ಟೇ."

ದರ್ಜಿಯಮ್ಮ ಕನ್ನಡಕ ಏರಿಸಿ ಬಗ್ಗಿದಳು. ಬಗ್ಗಿದವಳು ಏಳಲೇ ಇಲ್ಲ. ನೀಲಿ ಬಟ್ಟೆ, ಅದರ ಮೇಲೆ ಸಾಸಿವೆ ಕಾಳಿನಷ್ಟು ಬಿಳಿ ಚುಕ್ಕಿ. ಅವಳು ಜನರ ಮುಖ ಮರೆತಾಳು, ಒಮ್ಮೆ ಕತ್ತರಿ ಹಾಕಿದ ಬಟ್ಟೆಯನ್ನು ಮರೆಯುವವಳಲ್ಲ.

"ಅಯ್ಯೋ ಕಳ್ಳ!" ಎಂದಳು.

"ಯಾರು?" ಅಧಿಕಾರಿ ಬೆಚ್ಚಿಬಿದ್ದ.

"ಇನ್ಯಾರು, ನಿಮ್ಮ ಈ 'ತಿಳಿದಿಲ್ಲ'!"

ಆ ಬಟ್ಟೆ ಎದುರುಮನೆ ಟೀಚರಮ್ಮನದು, ತನ್ನ ಮಗಳಿಗೆ ಫ್ರಾಕ್ ಹೊಲಿಯಲೆಂದು ಅವಳು ಕೊಟ್ಟಿದ್ದು. ಗೇಣುದ್ದ ಕಡಿಮೆ ಬಂದಾಗ ಟೀಚರಮ್ಮ ನಡುಬೀದಿಯಲ್ಲಿ ನಿಂತು "ಬಟ್ಟೆಗಳ್ಳಿ" ಎಂದಿದ್ದಳು. ಅವತ್ತು ಬಿಟ್ಟ ಮಾತು ಇಪ್ಪತ್ತಾರು ವರ್ಷವಾದರೂ ಮತ್ತೆ ಶುರುವಾಗಿರಲಿಲ್ಲ. ಆ ಜಗಳದ ನಡುವೆ ಗಂಡ ಮಾತ್ರ, ಯಾರೂ ಕೇಳದಿದ್ದರೂ, "ನಾನಂತೂ ಮುಟ್ಟಿಲ್ಲಪ್ಪ" ಎಂದಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ಇಷ್ಟು ವರ್ಷ ಅವಳಿಗೆ ಅದು ಹೊಳೆದೇ ಇರಲಿಲ್ಲ.

ಅಧಿಕಾರಿ ಕಥೆಯನ್ನೆಲ್ಲ ಕೇಳಿ ತಲೆಯಾಡಿಸಿದ. "ಆದ್ರೂ ಅಂಥ ಬಟ್ಟೆ ಅಂಗಡೀಲಿ ಯಾರು ಬೇಕಾದ್ರೂ ತಗೊಂಡಿರಬಹುದಲ್ಲ ಅಮ್ಮಾ."

"ಬಟ್ಟೆ ಬಿಡಿ, ಅಂಚು ನೋಡಿ." ಅವಳು ಚೀಲಕ್ಕೆ ಕೈಹಾಕಿ ಹಲ್ಲುಕತ್ತರಿ ತೆಗೆದಳು. ನೂಲು ಬಿಚ್ಚದಂತೆ ಬಟ್ಟೆಯ ಅಂಚನ್ನು ಗರಗಸದ ಹಾಗೆ ಕತ್ತರಿಸುವಂಥದ್ದು. ಕತ್ತರಿಯನ್ನು ಮನೆಯಲ್ಲೇ ಬಿಟ್ಟು ಬರುವ ದರ್ಜಿ ಇನ್ನೂ ಹುಟ್ಟಿಲ್ಲ. "ತುದಿಯಿಂದ ಆರನೇ ಹಲ್ಲು ಮುರಿದಿದೆ. ಮದುವೆಯಾದ ಹೊಸದ್ರಲ್ಲಿ ಇವರೇ ತಗಡು ಕತ್ತರಿಸೋಕೆ ಹೋಗಿ ಮುರಿದಿದ್ದು. ಎಷ್ಟು ಬೈದಿದ್ದೀನೋ ಲೆಕ್ಕವಿಲ್ಲ." ಒಂದು ಚೂರು ಕಾಗದಕ್ಕಾಗಿ ಸುತ್ತ ನೋಡಿದಳು. ಕಾಣಲಿಲ್ಲ. 'ತಿಳಿದಿಲ್ಲ' ಎಂದಿದ್ದ ಕಾರ್ಡನ್ನೇ ಎತ್ತಿಕೊಂಡು, ಅಧಿಕಾರಿ "ಅಮ್ಮಾ, ಅದು..." ಅನ್ನುವಷ್ಟರಲ್ಲಿ ಕಚಕ್ಕನೆ ಎರಡು ತುಂಡು ಮಾಡಿದಳು.

ಅಧಿಕಾರಿ ಕಾರ್ಡಿನ ತುಂಡನ್ನು ಒಂದು ಕೈಯಲ್ಲಿ, ಕನ್ನಡಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಎಣಿಸಿದ. ಕಾರ್ಡಿನಲ್ಲಿ ಐದು ಹಲ್ಲು, ಆರನೆಯದು ಬೋಳು. ಒಳಗಿನ ಮೊದಲ ಚೂರಿನಲ್ಲೂ ಐದು ಹಲ್ಲು, ಆರನೆಯದು ಬೋಳು. ಎರಡನೆಯದರಲ್ಲೂ ಹಾಗೇ. ಮೂರನೆಯದಕ್ಕೆ ಬರುವಷ್ಟರಲ್ಲಿ ಮಗಳೂ ಬಗ್ಗಿ ಅವನ ಜೊತೆ ಗಟ್ಟಿಯಾಗಿ ಎಣಿಸುತ್ತಿದ್ದಳು. "ಐದು... ಬೋಳು! ಅಮ್ಮಾ, ಅಪ್ಪಂದೇ ಕಣಮ್ಮಾ!"

ಅಧಿಕಾರಿ ಹೊಸ ಕಾರ್ಡ್ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದ. "ಅವರ ಹೆಸರು ಹೇಳಿ."

ದರ್ಜಿಯಮ್ಮ ಹೇಳಿದಳು. ಆಚೆ ಕೋಣೆಯ ಕಾವಲುಗಾರನೂ ತಿರುಗಿ ನೋಡುವಂತೆ ಹೇಳಿದಳು. ಹಿಗ್ಗಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ, ಕಣ್ಣು ಮಾತ್ರ ತುಂಬಿಕೊಂಡವು.

"ಒಳಗಿಂದು ಒಂದು ಫೋಟೋ ತೆಗೆದು ನನಗೂ ಕೊಡಿ," ಎಂದಳು ಮೂಗೊರೆಸಿಕೊಂಡು. "ಟೀಚರಮ್ಮ ಇನ್ನೂ ಎದುರುಮನೇಲೇ ಇದ್ದಾಳೆ. ಇವತ್ತೇ ಹೋಗಿ ಬಾಗಿಲು ತಟ್ತೀನಿ."

"ಖಂಡಿತ ಕೊಡ್ತೀನಿ. ಇಂಥವು ಇವರು ಇನ್ನೂ ಮಾಡಿದ್ದಾರಾ ಅಮ್ಮಾ?"

"ಇನ್ನೂ ಹತ್ತಿವೆ. ಎಲ್ಲೆಲ್ಲಿ ಯಾರ್ಯಾರ ಮನೇಲಿವೆಯೋ."

"ಹೆಸರೇ ಹಾಕಿಲ್ವಲ್ಲ, ಅವನ್ನ ಗುರುತಿಸೋದು ಹೇಗೆ?"

ದರ್ಜಿಯಮ್ಮ ಕತ್ತರಿಯನ್ನು ಒರೆಸಿ ಚೀಲಕ್ಕಿಟ್ಟುಕೊಂಡಳು. "ಆ ಜಗಳ ಆದಮೇಲೂ ನನಗೆ ಎಷ್ಟೋ ಸಲ ಬಟ್ಟೆ ಕಡಿಮೆ ಬಿದ್ದಿದೆ ಕಣಪ್ಪ. ಒಳಗೆ ಕನ್ನಡಿ ಬಿಟ್ಟು ನೋಡಿ. ಎಲ್ಲಿ ನನ್ನ ಕತ್ತರಿ ಆ ಮುರುಕು ಹಲ್ಲು ಕಿರಿದು ನಗ್ತಿರುತ್ತೋ, ಅದು ನಮ್ಮನೆಯವರದು."